ಕೋವಿಯಲ್ಲಿ ಉಳಿದ ಮದ್ದು

ಮಾಕಳಿಯ ನಮ್ಮ ನಡುಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಬಿಟ್ಟು, ತೆಂಗಿನ ನಾರು ತುರುಕಿ, ಗಜವೆಂಬ ಕಬ್ಬಿಣದ ಸರಳಿನಿಂದ ಗಿಡಿದು, ಕಿಡಿ ಹೊತ್ತಿಸುವ ಕೇಪು ಇಡಬೇಕಾದ ಹಳೆಯ ಕಾಲದ್ದು. ಬೆಳೆ ಕಾಯಲೆಂದು ತಾತನ ಕಾಲದಲ್ಲಿ ಸಿಕ್ಕ ಲೈಸೆನ್ಸು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆಗಲೇ ಬಾಡಿಗೆಯ ಶೀಟಿನ ಮನೆಗಳು ಎದ್ದಿದ್ದವು. ಕಾಯಬೇಕಾದದ್ದು ಬೋರ್‌ವೆಲ್ಲಿನ ಮೋಟರನ್ನು ಮಾತ್ರ. ಆದರೂ ಅಪ್ಪ ಪ್ರತಿ ಆಯುಧಪೂಜೆಗೆ ಅದಕ್ಕೆ ಎಣ್ಣೆ ಸವರಿ ಕುಂಕುಮ ಇಡುತ್ತಿದ್ದ.

ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಪ್ಪ ಹರೆಯದಲ್ಲಿ ಶಿವಗಂಗೆ ಕಡೆಯ ಕಾಡುಗಳಲ್ಲಿ ಜಿಂಕೆ ಹೊಡೆದವನು. ಆ ಕಥೆ ಶುರುವಾದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿದಿದೆ. ಈ ಕೋವಿಗೆ ಒಂದೇ ಗುಂಡು, ಮತ್ತೆ ತುಂಬುವಷ್ಟರಲ್ಲಿ ಜಿಂಕೆ ಗುಡ್ಡ ದಾಟಿರುತ್ತದೆ. ದಾಟಿದರೆ ಅದರ ಆಯಸ್ಸು ಗಟ್ಟಿ, ಹಿಂದೆ ಹೋಗಬಾರದು.

ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಆ ವರ್ಷವೂ ಒಪ್ಪಿಸಲೆಂದು ಅಪ್ಪ ಜಗಲಿಯಲ್ಲಿ ಕೂತು ಅದನ್ನು ಒರೆಸುತ್ತಿದ್ದ. ನಮ್ಮ ಬಾಡಿಗೆಮನೆಯಲ್ಲಿದ್ದ ರಾಯಚೂರಿನ ಗಾರೆ ಕೆಲಸದವನು ಓಡಿ ಬಂದ.

"ಯಜಮಾನ್ರ, ಖಾಲಿ ಗೋಡೌನ್ ಕಂಪೌಂಡ್‌ನ್ಯಾಗ ಜಿಂಕಿ ಹೊಕ್ಕೈತ್ರಿ! ನಾಯಿ ಬೆನ್ನತ್ತಿದ್ವು, ನಾ ಗೇಟ್ ಎಳೆದು ಬಂದೀನಿ."

ಅಪ್ಪ ಎದ್ದು ಮದ್ದಿನ ಡಬ್ಬಿ ತಂದ.

"ಅಪ್ಪಾ, ಜಿಂಕೆ ಹೊಡೆದ್ರೆ ಜೈಲಿಗೆ ಹಾಕ್ತಾರೆ. ಈ ವಯಸ್ಸಲ್ಲಿ ಬೇಕಾ ನಿಂಗೆ?" ಅಂದೆ.

ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅವನು ಕೋವಿ ತುಂಬಿ ಹೊರಟ. ನಾನು ಬೈಯುತ್ತಲೇ ಹಿಂದೆ ಹೋದೆ.

ಆಳೆತ್ತರ ಮೀರಿದ ಗೋಡೆಗಳ ನಡುವೆ ಜಿಂಕೆ ಒಂದೇ ಸಮ ಓಡುತ್ತಿತ್ತು. ಗೋಡೆಗೆ ಮೂಗು ಬಡಿದು ತಿರುಗುವುದು, ಮತ್ತೊಂದು ಗೋಡೆಗೆ ಬಡಿಯುವುದು. ಅಪ್ಪ ಮಂಡಿಯೂರಿ ಗುರಿ ಹಿಡಿದ. ಕೇಪಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆದ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ಗುಂಡು ಹಾರಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಕೇಪನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಓಡೋಕೆ ಜಾಗ ಇಲ್ದಿರೋದನ್ನ ಒಡಿಯೋದು ಬ್ಯಾಟೆ ಅಲ್ಲ ಕಣವ್ವ" ಅಂದ.

ಅಪ್ಪನ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನ್ ಮಾಡಿದೆ.

ಅಪ್ಪ ಕೋವಿಯನ್ನು ಮನೆಯಲ್ಲಿಟ್ಟು ಬಂದ. ಜೀಪು ಬರುವುದು ತಡವಾಯಿತು. ಅಷ್ಟರಲ್ಲಿ ಸುದ್ದಿ ಹಬ್ಬಿ, ಪಕ್ಕದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿಸಿ ಬಂದವರೆಲ್ಲ ಗೋಡೆ ಹತ್ತಿದರು. ಮೊಬೈಲ್ ಹಿಡಿದು ಶಿಳ್ಳೆ ಹೊಡೆದರು. ಜಿಂಕೆ ತಮ್ಮ ಕಡೆ ನೋಡಬೇಕಂತೆ! "ಕೆಳಗಿಳೀರಪ್ಪಾ, ಎದೆ ಒಡ್ಕೊಂಡು ಸಾಯ್ತದೆ ಅದು" ಎಂದು ಅಪ್ಪ ಕೈಮುಗಿದ. ನಾನು ಗಂಟಲು ಹರಿಯುವಂತೆ ಕೂಗಿದೆ. ಯಾರೂ ಇಳಿಯಲಿಲ್ಲ. ಜೀಪು ಗೇಟಿನ ಬಳಿ ನಿಲ್ಲುವಾಗ ಜಿಂಕೆ ಮುಂಗಾಲು ಮಡಚಿ ಬಿತ್ತು. ಜೀಪಿನವರು ತಂದ ಬಲೆ ಬಿಚ್ಚುವ ಅಗತ್ಯವೇ ಬೀಳಲಿಲ್ಲ.

"ಗಾಯ ಏನೂ ಇಲ್ಲ ಮೇಡಂ. ಎದರ್ಕೊಂಡೇ ಓಗ್ಬಿಟ್ಟಿದೆ" ಅಂದ ಫಾರೆಸ್ಟ್ ಗಾರ್ಡ್.

ತುಂಬಿದ ಕೋವಿಯನ್ನು ಠಾಣೆಗೆ ಕೊಡುವಂತಿಲ್ಲ. ಆಕಾಶಕ್ಕೆ ಹಾರಿಸಿ ಖಾಲಿ ಮಾಡೋಣವೆಂದರೆ ಸುತ್ತಲೂ ಮನೆಗಳು. ಅಪ್ಪ ಬಚ್ಚಲಲ್ಲಿ ಕೂತು ನಾರನ್ನು ಕೊಕ್ಕೆಯಿಂದ ಕಿತ್ತ. ಗುಂಡು ಅಂಗೈಗೆ ಉರುಳಿತು. ಆಮೇಲೆ ನಳಿಗೆಗೆ ಬಿಸಿನೀರು ಹೊಯ್ದ. ಮದ್ದು ಕರಗಿ ಕಪ್ಪು ನೀರಾಗಿ ಮೋರಿಗೆ ಹರಿಯಿತು. ಗುಂಡನ್ನು ಅವನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದ.

"ಆಗ್ಲೇ ಒಡೆದಿದ್ರೆ ಸಾಯೋದು ಅದ್ಕೆ ಗೊತ್ತೇ ಆಗ್ತಿರ್ಲಿಲ್ಲ ಕಣವ್ವ."

"ನೀನು ಮಾಡಿದ್ದೇ ಸರಿ ಅಪ್ಪ" ಅಂದೆ. ಇವತ್ತಿಗೂ ಅದನ್ನೇ ಹೇಳುತ್ತೇನೆ, ಯಾರು ಕೇಳಿದರೂ.

ಅಪ್ಪ ಮಾರನೆಯ ದಿನ ಕೋವಿಯನ್ನು ಠಾಣೆಗೆ ಕೊಟ್ಟು ಬಂದ. ಚುನಾವಣೆ ಮುಗಿದ ಮೇಲೆ, ಬಂದು ತೆಗೆದುಕೊಂಡು ಹೋಗಿ ಎಂದು ಅಲ್ಲಿಂದ ಎರಡು ಸಲ ಹೇಳಿಕಳಿಸಿದರು. ಅವನು ಹೋಗಲಿಲ್ಲ.