ಪಕ್ಕದ ಕೋಣೆಗೆ ಹೋದ ಗಂಡ

ನನ್ನ ಗಂಡನಿಗೆ ಹೆಪಟೈಟಿಸ್ ಸಿ ಇದೆ ಎಂದು ಗೊತ್ತಾದದ್ದು ಹರ್ನಿಯಾದ ದೆಸೆಯಿಂದ. ನಾವು ಧಾರವಾಡದವರು. ಅವರ ವಿಮಾ ಕಂಪನಿಯವರು ವಡೋದರಾಕ್ಕೆ ವರ್ಗ ಮಾಡಿದ ಮೇಲೆ ಇಲ್ಲೇ ಉಳಿದುಬಿಟ್ಟೆವು. ನಾನು ಇಲ್ಲಿನ ಮಕರಪುರ ಬಡಾವಣೆಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಒಬ್ಬಳೇ ಮಗಳು ಆ ವರ್ಷ ಅಹಮದಾಬಾದಿನ ಕಾಲೇಜು ಸೇರಿ ಹಾಸ್ಟೆಲಿಗೆ ಹೋಗಿದ್ದಳು. ಹೇಳಲು ನನಗೆ ನಾಚಿಕೆಯಿಲ್ಲ, ಮಗಳು ಹೋದ ಮೇಲಿನ ಆ ಕೆಲವು ತಿಂಗಳು ನಮ್ಮ ಮದುವೆಯಲ್ಲೇ ಒಳ್ಳೆಯ ತಿಂಗಳುಗಳು. ಭಾನುವಾರ ಮಧ್ಯಾಹ್ನ ಊಟ ಮಾಡಿ ಬಾಗಿಲು ಹಾಕಿಕೊಳ್ಳಲು ಯಾರ ಅಂಜಿಕೆಯೂ ಇರಲಿಲ್ಲ. ನಲವತ್ತೈದು ದಾಟಿದ ಹೆಂಗಸಿಗೆ ಇದೆಲ್ಲ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹರ್ನಿಯಾ ಬಂತು.

ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ರಕ್ತ ಪರೀಕ್ಷೆಯಾದ ಮೇಲೆ, ಬೆಳಿಗ್ಗೆ ಮೊದಲು ಆಗಬೇಕಿದ್ದ ಆಪರೇಷನ್ನನ್ನು ಕಾರಣ ಹೇಳದೆ ಎಲ್ಲರಿಗಿಂತ ಕೊನೆಗೆ ತಳ್ಳಿದರು. ಅವರ ಮಂಚಕ್ಕೆ ಕೆಂಪು ಪಟ್ಟಿ ಅಂಟಿಸಿದರು. ಯಾಕೆ ಎಂದು ನರ್ಸನ್ನು ಕೇಳಿದರೆ, "ಡಾಕ್ಟರ್ ಸಾಹಬ್ ಬತಾಯೇಂಗೆ", ಡಾಕ್ಟರೇ ಹೇಳುತ್ತಾರೆ, ಎಂದು ಮುಖ ತಿರುಗಿಸಿದಳು. ಸಾಹೇಬರು ಬಂದದ್ದು ನಾನು ಕೆಳಗೆ ಔಷಧಿ ತರಲು ಹೋದಾಗ. ನಾನು ಮೇಲೆ ಬರುವಷ್ಟರಲ್ಲಿ ಅವರು ಹೇಳಬೇಕಾದ್ದನ್ನು ನನ್ನ ಗಂಡನಿಗೂ, ಪಕ್ಕದ ಮಂಚದವರಿಗೂ, ಆ ಮಂಚದವರನ್ನು ನೋಡಲು ಬಂದಿದ್ದ ನೆಂಟರಿಗೂ ಕೇಳಿಸುವಂತೆ ಹೇಳಿ ಹೋಗಿಯಾಗಿತ್ತು. ಕೇಳಿಸದೆ ಉಳಿದವಳು ನಾನೊಬ್ಬಳೇ.

ಮನೆಗೆ ಬಂದ ಮೇಲೆ ಇವರು ಬಾಯಿಬಿಟ್ಟರು. "ರಕ್ತದಾಗ ಒಂದು ವೈರಸ್ ಅದ ಅಂತ. ಲಿವರ್ ತಿಂತದಂತ. ಅಹಮದಾಬಾದದಾಗ ತೋರಸಬೇಕಂತ."

"ಎಲ್ಲಿಂದ ಬಂತ್ರಿ ಅದು?"

"ನನಗೇನ ಗೊತ್ತು?"

ಅಷ್ಟೇ. ಅಂದಿನಿಂದ ಅವರ ದಿಂಬು ಮಗಳ ಕೋಣೆಗೆ ಹೋಯಿತು. ಹೊಲಿಗೆಯ ಗಾಯ ಮಾಯಲಿ ಎಂದು ಹೋಗಿದ್ದಾರೆ ಎಂದುಕೊಂಡೆ. ಗಾಯ ಮಾಯಿತು, ದಿಂಬು ಮರಳಲಿಲ್ಲ. ಆ ಕೋಣೆಯಲ್ಲಿ ಏಸಿ ಇಲ್ಲ. ವಡೋದರಾದ ಮೇ ತಿಂಗಳು ಹೇಗಿರುತ್ತದೆಂದರೆ ಗೋಡೆ ಮುಟ್ಟಿದರೆ ಕೈ ಹಿಂದೆಗೆಯಬೇಕು. ಆ ಮನುಷ್ಯ ಅಲ್ಲಿ ಬೆವರಿ ಬೆವರಿ ಮಲಗುತ್ತಿದ್ದ, ನಾನು ಇಲ್ಲಿ ತಂಪಿನಲ್ಲಿ ಹಲ್ಲು ಕಡಿಯುತ್ತಿದ್ದೆ. ಮುಂದೆ ಅವರ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು. ತಮ್ಮ ಬಟ್ಟೆಗಳನ್ನು ತಾವೇ ಬೇರೆ ಬಕೆಟಿನಲ್ಲಿ ನೆನೆಹಾಕಿ ಒಗೆಯತೊಡಗಿದರು. ನಾನು ಅಡುಗೆಮನೆಯಲ್ಲಿ ಎದುರು ಬಂದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು, ನಾನು ಯಾವುದೋ ಕಛೇರಿಯ ದೊಡ್ಡ ಸಾಹೇಬರೋ ಎಂಬಂತೆ.

ಸುಳ್ಳು ಹೇಳುವುದಿಲ್ಲ, ನಾನು ಸಂಶಯವನ್ನೂ ಪಟ್ಟೆ. ಅವರ ಟೂರುಗಳು, ಅಹಮದಾಬಾದಿನ, ಭರೂಚಿನ ಲಾಡ್ಜುಗಳು ಎಲ್ಲ ತಲೆಯಲ್ಲಿ ಮೆರವಣಿಗೆ ಹೊರಟವು. ಕೊನೆಗೆ ನೇರ ಕೇಳಿಯೇಬಿಟ್ಟೆ. "ಯಾರರ ಇದ್ರೇನ್ರಿ?"

"ನಿನಗ ಹಂಗ ಅನಸ್ತದೇನು?" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇದಕ್ಕಿಂತ ಸಿಟ್ಟು ಬರಿಸುವ ಉತ್ತರ ಇನ್ನೊಂದಿಲ್ಲ.

ಆ ಹೊತ್ತಿನಲ್ಲೇ ಅವರ ಅಕ್ಕನ ಮಗಳ ನಿಶ್ಚಿತಾರ್ಥ ಬಂತು. ಅಕ್ಕನ ಮನೆ ಸೂರತ್ತಿನಲ್ಲಿ, ಭಾವನವರು ಅಲ್ಲಿಯ ಪಾಂಡೇಸರಾದ, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಮ್ಯಾನೇಜರ್. ನನಗೆ ಸರಿಯಾಗಿ ವಿವರ ಕೊಡದ ಗಂಡ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡಿದ್ದಾರೆಂದು ನನಗೆ ಗೊತ್ತಾದದ್ದು ಅಲ್ಲಿ ಚಹಾ ಬಂದಾಗ. ಎಲ್ಲರಿಗೂ ಪಿಂಗಾಣಿ ಕಪ್ಪು ಬಸಿ. ಇವರ ಮುಂದೆ ಮಾತ್ರ ಕಾಗದದ ಕಪ್ಪು. ಹುಡುಗನ ಕಡೆಯವರು ಕೂತಿದ್ದಾರೆ, ಎಲ್ಲರೂ ನೋಡುತ್ತಿದ್ದಾರೆ. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಪ್ರಸಾದದಂತೆ ಕುಡಿಯತೊಡಗಿದರು.

ಅಕ್ಕ ನನ್ನನ್ನು ಒಳಗೆ ಕರೆದಳು. "ತಪ್ಪು ತಿಳೀಬ್ಯಾಡವಾ. ಮನ್ಯಾಗ ಸಣ್ಣ ಹುಡುಗರು ಓಡಾಡತಾವ. ನೀವಿಬ್ಬರೂ ಬ್ಯಾರೆ ಬ್ಯಾರೆನ ಮಲ್ಕೋತೀರಲ್ಲ?"

"ಅದನ್ನ ಕೇಳಾಕ ನೀವು ಯಾರು?"

"ನನ್ನ ತಮ್ಮಗ ಇಂಥಾ ರೋಗ ಎಲ್ಲಿಂದ ಬರಬೇಕು? ಅವ ದೇವರಂಥಾ ಮನಷ್ಯಾ. ನೀ ಸಾಲಿಗೆ ಹೋಗಾಕಿ, ನಾಕು ಮಂದ್ಯಾಗ ಓಡಾಡಾಕಿ..."

ಮಾತು ಮುಗಿಸಲು ನಾನು ಬಿಡಲಿಲ್ಲ. ಹೊರಗೆ ಬಂದೆ. ಗಂಡನ ಕೈಯಿಂದ ಆ ಕಾಗದದ ಕಪ್ಪನ್ನು ಕಸಿದು, ಉಳಿದಿದ್ದ ಚಹಾವನ್ನು ಎಲ್ಲರ ಎದುರು ಗಟಗಟ ಕುಡಿದು, ಕಪ್ಪನ್ನು ಹಿಚುಕಿ ಅಕ್ಕನ ಟೀಪಾಯಿಯ ಮೇಲಿಟ್ಟೆ. "ನಡೀರಿ," ಅಂದೆ. ಊಟಕ್ಕೆ ನಿಲ್ಲಲಿಲ್ಲ.

ವಾಪಸು ರೈಲು ಭರೂಚ್ ದಾಟಿತು. ಆಮೇಲೆ ಅವರು ಕಿಟಕಿಯ ಕಡೆ ನೋಡುತ್ತಲೇ, "ಭಾಳ ಶಾಣ್ಯಾಕಿ ಆದಿ. ಮಂದಿ ಮುಂದ ನಾಟಕ ಮಾಡಿದಿ," ಎಂದರು.

"ನಾಟಕ ನಾ ಮಾಡಿಲ್ಲ. ಅಕಿ ಕೊಟ್ಟಿದ್ದನ್ನ ಬಾಯಿ ಮುಚಗೊಂಡು ಕುಡದ್ರಲ್ಲ, ಅದು ನಾಟಕ."

"ಅಕಿ ಹೇಳೂದ್ರಾಗ ತಪ್ಪೇನದ? ನಿನಗ ಹತ್ತಿದ್ರ?"

"ಹತ್ತಿದ್ರ ನನಗ ಹತ್ತತದ. ಮದಲ ಹತ್ತತದೋ ಇಲ್ಲೋ ಕೇಳಿ ಬರೂಣು ನಡೀರಿ."

ಹಾಗೆ ಅಹಮದಾಬಾದಿಗೆ ಹೋದೆವು, ಲಿವರ್ ಡಾಕ್ಟರ ಬಳಿ. ನನ್ನದೇ ವಯಸ್ಸಿನ ಗುಜರಾತಿ ಹೆಂಗಸು, ಬಿರುಸು ಮಾತು. ಇವರು ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಲು ನೋಡಿದರು. ನಾನು ಅವರಿಗಿಂತ ಮೊದಲೇ ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಲಿವರಿನ ಮಾತೆಲ್ಲ ಮುಗಿಯಿತು. ಹಾನಿ ಹೆಚ್ಚೇನೂ ಆಗಿಲ್ಲ, ಮೂರು ತಿಂಗಳ ಮಾತ್ರೆ, ಬಹುಪಾಲು ಜನರಿಗೆ ಪೂರ್ತಿ ವಾಸಿಯಾಗುತ್ತದೆ ಎಂದರು. ಇವರು ಎದ್ದು ನಿಂತರು. ನಾನು ಏಳಲಿಲ್ಲ. ಹಿಂದಿಯಲ್ಲಿ ಕೇಳಿದೆ, "ಡಾಕ್ಟರ್, ನಾವು ಗಂಡ ಹೆಂಡತಿ ಕೂಡಬಹುದೋ ಇಲ್ಲವೋ?"

ನನ್ನ ಗಂಡನ ಮುಖ ಹೇಗಾಯಿತೆಂದು ಬರೆಯುವುದಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. "ಕೂಡಬಾರದು ಎಂದು ಯಾರು ಹೇಳಿದರು?"

"ಸರ್ಜನ್," ಎಂದರು ಇವರು, ನೆಲ ನೋಡುತ್ತ. "ಮೇಡಮ್ ಸೇ ದೂರ್ ರಹಿಯೇ, ಹೆಂಡತಿಯಿಂದ ದೂರ ಇರಿ, ಅಂದರು."

ಅದು ನನಗೆ ಆವತ್ತೇ ಗೊತ್ತಾದದ್ದು. ಆಸ್ಪತ್ರೆಯಲ್ಲಿ ನನ್ನ ಬಗ್ಗೆ ಒಂದು ತೀರ್ಪು ಕೊಡಲಾಗಿತ್ತು, ನನ್ನನ್ನು ಕೇಳದೆ.

ಡಾಕ್ಟರು ನಮ್ಮಿಬ್ಬರಿಗೂ ಗದರಿಸುವ ದನಿಯಲ್ಲೇ ಹೇಳಿದರು. ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ತಟ್ಟೆ, ಲೋಟ, ಅಪ್ಪುಗೆ, ಮುತ್ತು, ಇವುಗಳಿಂದ ಬರುವುದಿಲ್ಲ. ಬಹುಕಾಲ ಜೊತೆಗಿರುವ ಗಂಡ ಹೆಂಡಿರಲ್ಲಿ ಕೂಡುವುದರಿಂದ ಹರಡುವುದು ಬಹಳ ಅಪರೂಪ. ರೇಜರು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ ಬೇರೆ ಬೇರೆ ಇರಲಿ. ಮುಟ್ಟಿನ ದಿನಗಳಲ್ಲಿ, ಗಾಯ ಹುಣ್ಣು ಇದ್ದಾಗ, ರಕ್ತ ಬರುವಂಥದ್ದೇನಾದರೂ ಇದ್ದರೆ ಕಾಂಡೋಮ್ ಬಳಸಿ. ಮನಸ್ಸಿನ ಸಮಾಧಾನಕ್ಕೆ ಬೇಕೆಂದರೆ ಯಾವಾಗಲೂ ಬಳಸಿ. "ಎಲ್ಲಿಂದ ಬಂತು?" ಎಂದು ನಾನು ಕೇಳಿದೆ. ಹಳೆಯ ಸೂಜಿ ಇರಬಹುದು, ಹಲ್ಲಿನ ಡಾಕ್ಟರಿರಬಹುದು, ಹಿಂದೆಂದೋ ಏರಿಸಿದ ರಕ್ತ ಇರಬಹುದು, ಎಷ್ಟೋ ಜನರಿಗೆ ಗೊತ್ತಾಗುವುದೇ ಇಲ್ಲ ಎಂದರು. ನನ್ನ ರಕ್ತವನ್ನೂ ತೆಗೆದುಕೊಂಡರು. ನನಗೇನೂ ಇರಲಿಲ್ಲ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದು ಮಗು ಹೆತ್ತು, ಏನೂ ಇರಲಿಲ್ಲ.

ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ. ಮನೆಗೆ ಬಂದರೆ ಅದೇ ಬಕೆಟ್, ಅದೇ ತಟ್ಟೆ, ಅದೇ ಬೇಯುವ ಕೋಣೆ. ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದರು.

ನಾನು ಮಕರಪುರದ ಔಷಧಿ ಅಂಗಡಿಗೆ ಹೋಗಿ ಕಾಂಡೋಮ್ ಕೇಳಿದೆ. ಅಂಗಡಿಯವನು ಆಚೀಚೆ ನೋಡಿ, ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಸುತ್ತತೊಡಗಿದ. "ಸುತ್ತಬೇಡ, ಹಾಗೇ ಕೊಡು," ಎಂದೆ. ತಂದು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟೆ. ಕೆಲಸದವಳು ಒರೆಸುವಾಗ ಅದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಇವರು ಅದರ ಎದುರು ಕೂತು ಚಪಾತಿ ತಿನ್ನುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ತಡೆಯಲಾಗದೆ ಸಿಡಿದರು.

"ನಾಚಿಕಿ ಅನ್ನೂದು ಏನರ ಅದನೋ ಇಲ್ಲೋ ನಿನಗ?"

"ಇಲ್ಲ. ನಿಮಗ ಭಾಳ ಅದಲ್ಲ, ಮನಿಗೆ ಅಷ್ಟು ಸಾಕು."

"ಮಗಳು ಬಂದ್ರ?"

"ಅಕಿಗೂ ಹೇಳ್ತೀನಿ. ನಿಮ್ಮಪ್ಪ ನನ್ನ ಮುಟ್ಟೂದಿಲ್ಲ ಅಂತ ಹೇಳ್ತೀನಿ. ಡಾಕ್ಟರ್ ಹೇಳಿದ್ದು ಕೇಳಿದ್ರೋ ಇಲ್ಲೋ? ಅಥವಾ ನಾ ಬ್ಯಾಡಾಗೀನೇನು? ಇದೊಂದು ನೆಪ ಸಿಕ್ತೇನು?"

ಅವರು ತಟ್ಟೆ ದೂಡಿದರು. "ನಿನಗ ಗೊತ್ತಿಲ್ಲ. ಆಪರೇಷನ್ ಆದ ಮ್ಯಾಲೆ ನನ್ನ ಮ್ಯಾಲೆ ಹೊಚ್ಚಿದ್ದ ಚಾದರಾ ಇಕ್ಕಳದಿಂದ ಎತ್ತಿದರು. ಚಿಮಟಾದಿಂದ ಸತ್ತ ಇಲಿ ಎತ್ತಿದಂಗ. ನಾ ಅಲ್ಲೇ ಮಲಗೀನಿ, ನನ್ನ ಕಣ್ಣ ಮುಂದ. ಅವತ್ತಿನಿಂದ ನನ್ನ ಕೈ ನೋಡಿದ್ರ ನನಗ ಹೇಸಿಕಿ ಬರತದ. ಆ ಕೈಯಿಂದ ನಿನ್ನ ಹೆಂಗ ಮುಟ್ಟಲಿ?"

ಇಲ್ಲಿ ನಾನು ಕರಗಬೇಕಿತ್ತೇನೋ. ಕರಗಲಿಲ್ಲ. ಇನ್ನೂ ಉರಿಯಿತು. ಆ ಇಕ್ಕಳದವರ ಮೇಲೆ ಉರಿಯಿತು, ಅದಕ್ಕಿಂತ ಹೆಚ್ಚು ಇವರ ಮೇಲೆ. "ಇದನ್ನ ಅಕ್ಕಗ ಹೇಳಿದ್ರಿ, ನನಗ ಹೇಳಲಿಲ್ಲ. ಅವರು ನಿಮಗ ಇಕ್ಕಳ ಹಿಡದ್ರು, ನೀವು ನನಗ ಹಿಡದ್ರಿ. ಈಗ ಕೇಳ್ರಿ. ರಿಪೋರ್ಟ್ ಛಲೋ ಬಂದ ಮ್ಯಾಲೆ ಬರ್ತೀನಿ ಅಂದ್ರ ಬರಬ್ಯಾಡ್ರಿ. ಬರೂದಿದ್ರ ಈಗ, ಹಿಂಗ ಇದ್ದಾಗ ಬರ್ರಿ."

ಅವರು ಬರಲಿಲ್ಲ. ಮಾತ್ರೆ ಮುಗಿಯಿತು, ಮಳೆಗಾಲವೂ ಮುಗಿಯುತ್ತ ಬಂತು. ಮತ್ತೆ ಮೂರು ತಿಂಗಳು ಕಾದು ಪರೀಕ್ಷೆ ಮಾಡಿಸಿದರು. ವೈರಸ್ ಇಲ್ಲ. ಒಂದು ಬಗೆಯ ಪರೀಕ್ಷೆ ಜೀವಮಾನವಿಡೀ ಪಾಸಿಟಿವ್ ಎಂದೇ ತೋರಿಸುತ್ತದೆ, ಅದಕ್ಕೆ ಹೆದರಬೇಡಿ ಎಂದು ಡಾಕ್ಟರು ಎಚ್ಚರಿಸಿದರು. ಮತ್ತೆ ಸೋಂಕು ತಗುಲಿದರೆ ಮತ್ತೆ ಬರಬಹುದು ಎಂದೂ ಹೇಳಿದರು. ಆ ಸಂಜೆ ಇವರು ದಿಂಬು ಹಿಡಿದು, ಹಬ್ಬದ ಮುಖ ಮಾಡಿಕೊಂಡು ನನ್ನ ಬಾಗಿಲಲ್ಲಿ ನಿಂತರು.

"ಹೇಳಿದ್ದೆ," ಎಂದು ನಾನು ಬಾಗಿಲು ಹಾಕಿಕೊಂಡೆ.

ಚಳಿಗಾಲ ಹಾಗೇ ಕಳೆಯಿತು. ನಾನು ಸಂತೋಷದಲ್ಲಿದ್ದೆ ಎಂದಲ್ಲ. ಮೈ ಬೇಡುತ್ತಿತ್ತು, ಸಿಟ್ಟು ಬಿಡುತ್ತಿರಲಿಲ್ಲ. ಇಲ್ಲಿನವರು ಉತ್ತರಾಯಣ ಎನ್ನುವ ಸಂಕ್ರಾಂತಿಗೆ ಮಗಳು ಬಂದು, ನಮ್ಮಿಬ್ಬರನ್ನೂ ನೋಡಿ, "ಮಮ್ಮಿ, ನೀವು ದೋನೋ ಮಾತಾಡೋದಿಲ್ಲ ಕ್ಯಾ?" ಎಂದು ತನ್ನ ಮುರುಕು ಕನ್ನಡದಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಗಾಳಿಪಟ ಹಾರಿಸಲು ಮಹಡಿಗೆ ಹೋದಳು.

ಅವಳು ಹಾಸ್ಟೆಲಿಗೆ ಮರಳಿದ ಮೇಲೆ ಒಂದು ರಜೆಯ ದಿನ ನಾನು ಹಾಸಿಗೆಯ ಮೇಲೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಇವರು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ದಿಂಬು ಇರಲಿಲ್ಲ.

"ತಪ್ಪಾತು," ಎಂದರು. ನಾನು ಇನ್ನೊಂದು ಪತ್ರಿಕೆ ತಿರುವಿದೆ. "ನಿನ್ನ ಜೋಡಿ ಮಲ್ಕೋಬೇಕು ಅಂತ ಆಸೆ ಆಗ್ಯದ," ಎಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ಅದನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಹಿಂದೆಲ್ಲ ದೀಪ ಆರಿಸುತ್ತಿದ್ದರು, ಅದೇ ಸೂಚನೆ. ನಾನು ಪತ್ರಿಕೆಗಳನ್ನು ಕಟ್ಟಿ ಕೆಳಗಿಟ್ಟೆ. "ಬಾಗಿಲಾ ಹಾಕ್ರಿ," ಅಂದೆ.

ಅವರು ಪಕ್ಕ ಕೂತರೂ ಕೈಯನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ನಾನೇ ಹಿಡಿದು ಮೈಮೇಲೆ ಇಟ್ಟುಕೊಂಡೆ. ಪ್ರೀತಿಯಿಂದ ಎಂದು ಹೇಳಲಾರೆ. ಜಗಳದ ಮಧ್ಯೆ ಒಬ್ಬರು ಇನ್ನೊಬ್ಬರ ರಟ್ಟೆ ಹಿಡಿಯುವಂತೆಯೇ ಹಿಡಿದಿದ್ದೆ. ಆಮೇಲೆ ಅವರು ಅತ್ತರು, ನಾನು ಅಳಲಿಲ್ಲ. ಈಗ ಇಲ್ಲೇ ಮಲಗುತ್ತಾರೆ. ಕೆಲವು ದಿನ ಚೆನ್ನಾಗಿರುತ್ತೇವೆ. ಕೆಲವು ದಿನ ಅವರು ನಿದ್ದೆಯಲ್ಲಿ ಆಚೆ ಹೊರಳಿದರೂ ಸಾಕು, ನನಗೆ ಆ ಬೇಸಿಗೆಯೆಲ್ಲ ನೆನಪಾಗಿ ಬೆಳಿಗ್ಗೆ ಚಹಾ ಕೊಡುವಾಗ ಮಾತು ಬಿರುಸಾಗುತ್ತದೆ.

ಸೂರತ್ತಿನ ಅಕ್ಕ ಹೋದ ವಾರ ಇವರಿಗೆ ಫೋನ್ ಮಾಡಿ, ಮಗಳ ಮದುವೆಗೆ ಬರಲೇಬೇಕು, ಈಗಂತೂ ತಮ್ಮನಿಗೆ ಆರಾಮಾಗಿದೆಯಲ್ಲ ಎಂದಳು. ಇವರು ನನ್ನ ಮುಖ ನೋಡಿದರು. ನಾನು ಚಪಾತಿ ಲಟ್ಟಿಸುತ್ತಲೇ ಇದ್ದೆ. ಇವರು "ನಾವು ಬರೂದಿಲ್ಲ ಅಕ್ಕಾ," ಎಂದು ಫೋನ್ ಇಟ್ಟರು.