ಹೋದವರ ಮನೆಗೆ ಹೋಗುತ್ತಿದ್ದವ

ಮೊನ್ನೆ ಹೆಂಡತಿ ಕುಂದಾಪುರ ಪೇಟೆಗೆ ಹೋದವಳು ಒಂದು ಮಾರು ಹೆಮ್ಮಾಡಿ ಸೇವಂತಿಗೆ ತಂದಳು. ದೇವರ ಪಟಕ್ಕೆ ಹಾಕಿ ಉಳಿದದ್ದನ್ನು ಫ್ರಿಜ್ಜಿನ ಮೇಲೆ ಇಟ್ಟಳು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಡೆ ಈ ಹೂವು ಬಾರದ ಮನೆ ಇಲ್ಲ. ಗುಂಡಗಿನ ಪುಟ್ಟ ಹಳದಿ ಹೂವು, ಆದರೆ ಪರಿಮಳ ಮಾತ್ರ ಗಾತ್ರಕ್ಕೆ ಮೀರಿದ್ದು. ಸ್ವಲ್ಪ ಕಹಿ, ಸ್ವಲ್ಪ ಔಷಧಿಯಂಥದ್ದು. ಬೇರೆಯವರಿಗೆ ಅದು ಹಬ್ಬದ ಪರಿಮಳ. ನನಗೆ ತೀರಿಹೋದ ಸಹಪಾಠಿಗಳ ಪರಿಮಳ. ಹಾಗೆಂದು ಹೆಂಡತಿಗೆ ಹೇಳಿದರೆ ಬೈಸಿಕೊಳ್ಳಬೇಕಾದೀತು ಎಂದು ಸುಮ್ಮನಿದ್ದೆ.

ನಮ್ಮ ಕಾಲೇಜಿನಲ್ಲಿ ಯಾರಿಗೂ ಅವರ ಹೆಸರು ಉಳಿಯಲಿಲ್ಲ. ಒಂದೇ ತರಗತಿಯಲ್ಲಿ ಒಂದೇ ಹೆಸರಿನವರು ಮೂರು ಮೂರು ಮಂದಿ ಇರುತ್ತಿದ್ದರು. ಹಾಜರಿ ಕರೆಯುವ ಮೇಷ್ಟ್ರು ರೋಸಿಹೋಗಿ ಊರಿನ ಹೆಸರನ್ನೇ ಹಿಡಿದರು. ನಾನು ಹಾಲಾಡಿ. ಕೋಟದಿಂದ ಬರುವವರು ಇಬ್ಬರು, ಅವರಿಬ್ಬರ ಹೆಸರೂ ಒಂದೇ, ಹಾಗಾಗಿ ಒಬ್ಬ ದೊಡ್ಡ ಕೋಟ, ಇನ್ನೊಬ್ಬ ಸಣ್ಣ ಕೋಟ. ಹೆಮ್ಮಾಡಿಯವ ಹೆಮ್ಮಾಡಿ. ಅವನ ಮನೆಯವರು ತಲೆಮಾರಿನಿಂದ ಸೇವಂತಿಗೆ ಬೆಳೆಯುವವರು. ಡಿಗ್ರಿ ಮುಗಿಸಿ ನಾವೆಲ್ಲ ಬ್ಯಾಂಕು, ಶಾಲೆ, ಮುಂಬೈಯ ಹೋಟೆಲು ಎಂದು ಚದುರಿದೆವು. ಅವನೊಬ್ಬ ಗದ್ದೆಗೆ ಇಳಿದ. ಹಳೆ ವಿದ್ಯಾರ್ಥಿಗಳ ಸಂಘ ಹುಟ್ಟಿದಾಗ ವರ್ಷದ ಸಭೆಯನ್ನು ಸಂಕ್ರಾಂತಿಯ ನಂತರದ ಭಾನುವಾರಕ್ಕೆ ಇಟ್ಟದ್ದೂ ಅವನಿಗಾಗಿಯೇ. ಮೊದಲ ಕೊಯ್ಲು ಸಂಕ್ರಾಂತಿಗೆ ದೇವರಿಗೆ ಸಂದ ಮೇಲೆಯೇ ಅವನು ಉಳಿದವರಿಗೆ ಹೂ ಕೊಡುತ್ತಿದ್ದ. ತೀರಿಹೋದವರ ಪಟಗಳಿಗೆ ಮಾಲೆ ಅವನದೇ ಗದ್ದೆಯದು.

ಆಗ ತೀರಿಹೋದವರು ಬೆರಳೆಣಿಕೆಯಷ್ಟು. ಒಂದು ವರ್ಷ ಸಭೆಗೆ ಮುಂಚೆ ಸುದ್ದಿ ಬಂತು, ಕೋಟ ಹೋದನಂತೆ ಎಂದು. ಯಾವ ಕೋಟ ಎಂದು ಒಬ್ಬರೂ ಕೇಳಲಿಲ್ಲ. ತರಗತಿಯ ಹಳೆಯ ಫೋಟೊದಿಂದ ಮುಖ ದೊಡ್ಡದು ಮಾಡಿಸಿ, ಮಾಲೆ ಹಾಕಿ, ಅಧ್ಯಕ್ಷರು ಕಣ್ಣು ಒರೆಸಿಕೊಂಡು ಮಾತಾಡಿದರು. ಸರಳ ಸಜ್ಜನ, ಸ್ನೇಹಜೀವಿ, ಅಜಾತಶತ್ರು… ನಾವೆಲ್ಲ ತಲೆ ತಗ್ಗಿಸಿದೆವು. ಸಂಜೆಯ ಹೊತ್ತಿಗೆ ಮುಂಬೈಯಿಂದ ದೊಡ್ಡ ಕೋಟನದೇ ಫೋನು ಬಂತು. ತೀರಿಹೋದವನು ಸಣ್ಣ ಕೋಟ. ನಾವು ಮಾಲೆ ಹಾಕಿದ್ದು ದೊಡ್ಡ ಕೋಟನಿಗೆ.

"ಹ್ವಾಯ್, ನಂಗ್ ಮಾಲೆ ಹಾಕಿ ಭರ್ಜರಿ ಊಟ ಮಾಡಿರ್ ಅಂಬ್ರಲೆ! ಊಟಕ್ಕೆ ಎಂತ ಇದ್ದಿತ್?"

ನಾವು ಬಿದ್ದು ಬಿದ್ದು ನಕ್ಕೆವು. ಹೆಮ್ಮಾಡಿ ಮಾತ್ರ ನಗದೆ ಹೂವಿನ ಬುಟ್ಟಿ ಸ್ಕೂಟರಿಗೆ ಕಟ್ಟುತ್ತಿದ್ದ. ಎಂತ ಮಾರಾಯ ಎಂದೆ.

"ಫೋಟೊ ತಪ್ಪಿದ್ದ್ ದೊಡ್ಡ್ ಸಂಗತಿ ಅಲ್ಲ. ನಾವ್ ಹೇಳಿದ್ ಮಾತ್ ಇಬ್ರಿಗೂ ಸಮ ಆಯ್ತ್ ಕಾಣ್. ಸತ್ತವನಿಗೂ ಆಯ್ತ್, ಬದ್ಕಿದವನಿಗೂ ಆಯ್ತ್. ಅಂದ್ರೆ ಅದ್ ಯಾರಿಗೂ ಹೇಳಿದ್ದಲ್ಲ."

ಅಂದಿನಿಂದ ಅವನು ಒಂದು ಕ್ರಮ ಹಿಡಿದ. ಯಾರು ಹೋದರೂ ಸಭೆಗೆ ಮೊದಲು ಅವರ ಮನೆಗೆ ಹೋಗುವುದು. ಉತ್ತರಕ್ರಿಯೆಯ ಬೊಜ್ಜ ಎಲ್ಲ ಮುಗಿದು, ನೆಂಟರೆಲ್ಲ ಹೋದ ಮೇಲೆ, ಯಾರೂ ಬಾರದ ಹೊತ್ತು ನೋಡಿ ಹೋಗುತ್ತಿದ್ದ. ಕೊಟ್ಟ ಚಹಾ ಕುಡಿದು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ: "ಅವ ಮನಿಯಂಗೆ ಎಂತಕ್ಕೆ ನೆಗಾಡ್ತಿದ್ದ?" ಮನೆಯೊಳಗೆ ಅವನು ನಗುತ್ತಿದ್ದದ್ದು ಯಾವುದಕ್ಕೆ, ಅಷ್ಟೇ. ಎಲ್ಲಿ ಓದಿದ, ಎಲ್ಲಿ ದುಡಿದ, ಏನು ಗಳಿಸಿದ, ಅದೊಂದೂ ಅವನಿಗೆ ಬೇಡ. ನಾವು ಅವನನ್ನು ಯಮನ ಪಂಚಾಯ್ತಿ ಮೆಂಬರು ಎಂದು ತಮಾಷೆ ಮಾಡುತ್ತಿದ್ದೆವು. ಅವನ ಸ್ಕೂಟರು ಅಂಗಳಕ್ಕೆ ಬಂದರೆ ನಮ್ಮ ಕತೆ ಮುಗಿದಂತೆ ಎನ್ನುತ್ತಿದ್ದೆವು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ, ಬೈಂದೂರಿಗೆ. ಹೋದವನು ಬ್ಯಾಂಕ್ ಮ್ಯಾನೇಜರ್ ಆಗಿದ್ದ ಸಹಪಾಠಿ. ಕಾಲೇಜಿನಲ್ಲೂ ಹಾಗೆಯೇ, ಹರಳೆಣ್ಣೆ ಕುಡಿದ ಮುಖ. ಇವನೆಲ್ಲಿ ನಗಾಡಿಯಾನು ಎಂದುಕೊಂಡೇ ಕುಳಿತಿದ್ದೆ. ಪ್ರಶ್ನೆ ಕೇಳಿದ್ದೇ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

"ಒಂದಿನ ಮೀತಿಪ್ಪ ಹೊತ್ತಿಗೆ ಕಾಕಿ ಬಾವಿಕಟ್ಟಿಂದ ಸಾಬೂನ್ ಕಚ್ಕಂಡ್ ಹೋಯ್ತ್. ಇವ್ರ್ ಮೈಯೆಲ್ಲ ನೊರೆ ಮಾಡ್ಕಂಡ್ 'ಹಿಡೀನಿ, ಹಿಡೀನಿ' ಅಂದ್ ತೋಟಕ್ಕೆ ಓಡಿರ್. ಆಮೇಲೆ ಹೊಸ ಸಾಬೂನ್ ತಂದಾಗೆಲ್ಲ, 'ಕಾಕಿಗೊಂದ್ ತಂದ್ಯಾ?' ಅಂದ್ ಹೊಟ್ಟೆ ಹಿಡ್ಕಂಡ್ ನೆಗಾಡುದ್."

ಆ ವರ್ಷ ಸಭೆಯಲ್ಲಿ ಹೆಮ್ಮಾಡಿ ಸ್ನಾನದ ಸಾಬೂನು ಕದ್ದ ಆ ಕಾಗೆಯ ಕತೆಯಷ್ಟನ್ನೇ ಹೇಳಿ ಮೈಕು ಕೊಟ್ಟುಬಿಟ್ಟ. ಸಭೆಯೆಲ್ಲ ನಕ್ಕಿತು. ಕಡೆಯ ಸಾಲಿನಲ್ಲಿ ಬೈಂದೂರಿನ ಆ ಹೆಂಗಸು ಕೈಮುಗಿದು ಕುಳಿತಿದ್ದರು. ಅಷ್ಟು ವರ್ಷ ಜೊತೆಗೆ ಓದಿ, ಓಡಾಡಿ, ಆ ಮ್ಯಾನೇಜರನನ್ನು ನಾನು ಮೊದಲ ಸಲ ಕಂಡದ್ದು ಅಂದು… ಅವನು ಸತ್ತ ಮೇಲೆ.

ಬೈಂದೂರಿನಿಂದ ಬರುವ ದಾರಿಯಲ್ಲಿ ಸ್ಕೂಟರಿನ ಹಿಂದೆ ಕುಳಿತು ಕೇಳಿದ್ದೆ, ನಾಳೆ ನಿನ್ನ ಮನೆಗೆ ಬಂದು ನಾನು ಇದನ್ನೇ ಕೇಳಿದರೆ ಏನು ಹೇಳುತ್ತಾರೆ ಎಂದು. ಅವನು ಸ್ಕೂಟರಿನ ವೇಗ ತಗ್ಗಿಸಿದ.

"ನೀ ಬಪ್ಪುಕ್ ಮೊದ್ಲ್ ಎಂತಾರೂ ಒಂದ್ ಹುಡ್ಕಿ ಇಡ್ತೆ," ಎಂದ.

ನಾನು ಜೋರಾಗಿ ನಕ್ಕೆ. ಬಂದೇ ಬರುತ್ತೇನೆ, ನೋಡ್ತಾ ಇರು ಎಂದೆ. ಅವನು ನಕ್ಕನೋ ಇಲ್ಲವೋ… ನನಗೆ ಕಾಣುತ್ತಿದ್ದದ್ದು ಅವನ ಬೆನ್ನು.

ಕಳೆದ ಮಳೆಗಾಲದಲ್ಲಿ, ಸೇವಂತಿಗೆ ಸಸಿ ನೆಡುವ ಹೊತ್ತು, ಗದ್ದೆಯಂಚಿನಲ್ಲಿ ಕುಳಿತವನು ಮತ್ತೆ ಏಳಲಿಲ್ಲ. ನಮ್ಮ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಡುವೆ ಯಾರದೋ ಮೊಮ್ಮಗಳ ಹುಟ್ಟುಹಬ್ಬದ ಕೇಕೂ ಬಂತು. ಅಲ್ಲಿಗೆ ಮುಗಿಯಿತು.

ಸಂಘಕ್ಕೆ ಹೊಸ ಸಮಿತಿ ಬಂದಿತ್ತು. ಪರವೂರಿನವರಿಗೆ ಅನುಕೂಲ ಎಂದು ಸಭೆಯನ್ನು ಡಿಸೆಂಬರ್ ರಜೆಗೆ ಹಾಕಿದರು. ಆಗ ಸೇವಂತಿಗೆ ಎಲ್ಲಿಯದು? ಹೋದವರನ್ನೆಲ್ಲ ಪರದೆಯ ಮೇಲೆ ತೋರಿಸುತ್ತೇವೆ, ಒಬ್ಬೊಬ್ಬರ ಬಗ್ಗೆ ಮಾತಾಡಿದರೆ ಊಟ ತಡವಾಗುತ್ತದೆ ಎಂದರು. ಅದೂ ಸುಳ್ಳಲ್ಲ, ಹೋದವರು ಈಗ ಅಷ್ಟು ಮಂದಿ ಇದ್ದಾರೆ. ಹೆಮ್ಮಾಡಿಯ ಬಗ್ಗೆ ನಾನೊಬ್ಬ ಮಾತಾಡಲೇಬೇಕು ಎಂದು ಹಟ ಹಿಡಿದೆ. ಬೇಗ ಮುಗಿಸಿ ಸಾರ್ ಎಂದು ಒಪ್ಪಿದರು. ಅವನು ಅಷ್ಟು ಮಂದಿಗೆ ಮಾಡಿದ್ದನ್ನು ಅವನಿಗೊಮ್ಮೆ ಮಾಡದಿದ್ದರೆ ನಾನು ಅವನ ಸ್ನೇಹಿತ ಎಂದುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

ಸಭೆಗೆ ಮುಂಚೆ, ನಾನೀಗ ಇರುವ ಬ್ರಹ್ಮಾವರದಿಂದ ಬಸ್ಸು ಹಿಡಿದು ಹೆಮ್ಮಾಡಿಗೆ ಹೋದೆ. ಗದ್ದೆ ಬರಿದಾಗಿತ್ತು. ಉಳಿದ ಸಸಿ ನೆಡುವವರಿರಲಿಲ್ಲ, ನೆಟ್ಟದ್ದನ್ನು ದನ ಮೇಯ್ದಿದ್ದವು. ಅವನ ಹೆಂಡತಿ ಜಗಲಿಯಲ್ಲಿ ಚಾಪೆ ಹಾಕಿದರು, ಚಹಾ ಕೊಟ್ಟರು. ನಾನು ಲೋಟ ಕೆಳಗಿಟ್ಟು ಅವನ ಪ್ರಶ್ನೆ ಕೇಳಿದೆ.

"ನೆಗಾಡುದಾ… ಮನಿಯಂಗಾ?" ಎಂದು ಅವರು ಬಹಳ ಹೊತ್ತು ಗದ್ದೆಯ ಕಡೆ ನೋಡಿದರು.

"ಸತ್ತವ್ರ್ ಮನಿಗ್ ಹೋಯ್ ಬಂದ್, ಅವ್ರ್ ಹೀಂಗ್ ನೆಗಾಡ್ತಿದ್ರಂಬ್ರ್ ಅಂದ್ ನಂಗ್ ಹೇಳ್ತಿದ್ರ್. ಹೇಳಿ ಸುಮ್ನೆ ಕೂಕಂತಿದ್ರ್. ನಾ ಕೇಂಡದ್ದ್ ಬೇರೆಯವ್ರ್ ಮನಿ ನೆಗಿಯೇ."

ಅವರು ಕೇಳಿದ್ದೆಲ್ಲ ಬೇರೆ ಮನೆಗಳ ನಗು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ ಒಟ್ಟಿಗೆ ಇಪ್ಪ ಹೊತ್ತಿಗೆ ನೆಗಾಡ್ತಿದ್ರ್ ಅಲ್ದಾ? ಎಂತಕ್ಕೆ ನೆಗಾಡ್ತಿದ್ರ್? ಹೇಳಿ."

ಎಷ್ಟು ಆಸೆಯಿಂದ ಕೇಳಿದರು! ಏನಾದರೊಂದು ಕಟ್ಟಿ ಹೇಳಬಹುದಿತ್ತು, ನಾಲಗೆ ಬರಲಿಲ್ಲ. ಕಾಲೇಜಿನ ಬೆಂಚು, ಬಸ್ ಸ್ಟ್ಯಾಂಡು, ಸಭೆಯ ಊಟದ ಸಾಲು, ಎಲ್ಲ ಕಡೆ ಹುಡುಕಿದೆ. ನಾವು ನಗುವಾಗ ಅವನು ಕಡೆಯ ಸಾಲಿನಲ್ಲಿ ಕುಳಿತ, ಹೋದವರ ಮನೆಯವರ ಮುಖ ನೋಡುತ್ತಿದ್ದದ್ದು ನೆನಪಿದೆ. ಹೂ ಕಟ್ಟುವ ಕೈ ನೆನಪಿದೆ. ಸ್ಕೂಟರಿನ ಮೇಲಿನ ಬೆನ್ನು ನೆನಪಿದೆ. ನಗು… ಇಲ್ಲ. ನೆನಪಾದರೆ ಬಂದು ಹೇಳುತ್ತೇನೆ ಎಂದು ಎದ್ದೆ. ಅವರು ಹ್ಞೂಂ ಎಂದರು. ನಂಬಿದಂತೆ ಕಾಣಲಿಲ್ಲ.

ಸಭೆಯಲ್ಲಿ ಅವನ ಮುಖ ಪರದೆಗೆ ಬಂದು, ನಾನು ಮೈಕಿನ ಮುಂದೆ ನಿಲ್ಲುವಷ್ಟರಲ್ಲಿ ಬೇರೆಯವರ ಮುಖ ಬಂದಾಗಿತ್ತು. ಎರಡು ಮಾತಾಡಿದೆ. ಚಪ್ಪಾಳೆ ಹೊಡೆದರು. ಊಟಕ್ಕೆ ಕರೆದರು.

ನಿನ್ನೆ ಮಧ್ಯಾಹ್ನ ಫ್ರಿಜ್ಜಿನ ಮೇಲಿನ ಆ ಹೂವಿನ ವಾಸನೆ ತಡೆಯಲಾಗದೆ ಮುಂಬೈಗೆ ಫೋನು ಮಾಡಿದೆ, ದೊಡ್ಡ ಕೋಟನಿಗೆ. ಅವನಿಗೂ ಈಗ ಮಂಡಿ ನೋವು, ಊರಿಗೆ ಬರುವುದಿಲ್ಲ. ಹೆಮ್ಮಾಡಿ ಹೂ ಬಂದಿದೆ ಮಾರಾಯ ಎಂದೆ. 

"ಸಭೆಯಂಗೆ ಅವ್ನ್ ಬಗ್ಗೆ ಎಂತ ಹೇಳ್ದೆ?" ಎಂದು ಕೇಳಿದ.

ಸರಳ ಸಜ್ಜನ, ಸ್ನೇಹಜೀವಿ ಎಂದು ಹೇಳಿದೆ ಎಂದೆ.



"ಅದ್ ಅವತ್ತ್ ನಂಗ್ ಮಾಲೆ ಹಾಕಿ ಹೇಳಿದ್ದಲ್ದನಾ," ಎಂದ ಕೋಟ.