ಮುನ್ನುಡಿಯ ಒಂದು ವಾಕ್ಯ ಹಿಡಿದು ಸುರಪುರಕ್ಕೆ

ಬೆಳಗಿನ ಆರೂವರೆಗೆ ಯಾದಗಿರಿ ನಿಲ್ದಾಣದಲ್ಲಿ ಇಳಿದಾಗ, ಅಚ್ಚಿಗೆ ಹೋಗಬೇಕಿದ್ದ ನನ್ನ ಪ್ರಬಂಧ ಚೀಲದಲ್ಲಿತ್ತು. ಅಮೆರಿಕದ ಒಂದು ನಗರದಲ್ಲಿ ಕಪ್ಪು ಜನರ ಓಣಿಗೆ ನಿರಾಶ್ರಿತರು ಬಂದು ನೆಲೆಸಿದ ಬಗೆಯನ್ನು ನಾಲ್ಕು ವರ್ಷ ನೋಡಿ ಬರೆದದ್ದು. ತಳ್ಳಿಸಿಕೊಂಡವರು ಇನ್ನೊಬ್ಬರನ್ನು ತಳ್ಳುವುದಿಲ್ಲ ಎಂಬುದು ನನ್ನ ವಾದ. ಮುನ್ನುಡಿಯಲ್ಲಿ ಅದಕ್ಕೆ ನಮ್ಮ ಕೇರಿಯನ್ನೇ ಸಾಕ್ಷಿ ಮಾಡಿದ್ದೆ: ‘ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡವರು ಬಂದ ದಿನವೇ ಅವರಿಗೆ ನಮ್ಮ ಬಾವಿ ಬಿಟ್ಟುಕೊಟ್ಟೆವು.’ ಆಗ ನನಗೆ ಆರು ವರ್ಷ. ಇದನ್ನು ಕಂಡಿದ್ದೆನೋ, ಬೇಕೆಂದು ಕಟ್ಟಿಕೊಂಡೆನೋ ಖಾತ್ರಿಯಿರಲಿಲ್ಲ. ಅವ್ವ ತೀರಿಹೋಗಿದ್ದಳು, ಕೇಳಲು ಸುರಪುರದಲ್ಲಿದ್ದ ಅವಳ ಅಕ್ಕ, ನನ್ನ ದೊಡ್ಡವ್ವ ಒಬ್ಬಳೇ ಉಳಿದಿದ್ದಳು.

ಶಹಾಪುರದ ಬಸ್ಸು ಹತ್ತಿ ಟಿಕೆಟ್ ತೆಗೆದುಕೊಂಡೆ. ಭೀಮೆ ದಾಟುವಾಗ ಕಂಡಕ್ಟರ್ ನನ್ನ ಚೀಲ ಸರಿಸಲು ಹೋಗಿ, “ಏನ್ರಿ ಸಾಹೇಬ್ರ, ಕಲ್ಲ್ ಒಯ್ಯಾಕತ್ತೀರೇನು?” ಎಂದ.

“ಪುಸ್ತಕ ಬರದೀನ್ರಿ.”

“ಹಂಗಾರ ಅಲ್ಲೇ ಇಡ್ರಿ, ಯಾರೂ ಕದಿಯಂಗಿಲ್ಲ.”

ಶಹಾಪುರದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಸುರಪುರದ ಬಸ್ಸು ಹಿಡಿದೆ. ಜೋಳ ಕಂಡ ನೆನಪಿದ್ದ ಹೊಲಗಳಲ್ಲೆಲ್ಲ ಕಾಲುವೆ ನೀರಿನ ಭತ್ತ ನಿಂತಿತ್ತು. ಇಲ್ಲಿ ಜೋಳವಿತ್ತೇ ಎಂಬ ಅನುಮಾನವೂ ಹುಟ್ಟಿತು.

ದೊಡ್ಡವ್ವ ಕಟ್ಟೆಯ ಮೇಲೆ ಕುಳಿತು ಪುಂಡಿಪಲ್ಯ ಸೋಸುತ್ತಿದ್ದಳು. ವಾಕ್ಯ ಓದಿ ಹೇಳಿದೆ.

“ಬಂದ ದಿನಾನ? ಯಾವ ಭಾಡ್ಯಾ ಹೇಳ್ಯಾನ ನಿನಗ? ಎಂಟು ದಿನ ಕೊಟ್ಟಿಲ್ಲ. ಬಾವಿ ಹಗ್ಗ ನಾನ ಮನ್ಯಾಗ ಮುಚ್ಚಿಟ್ಟಿದ್ದೆ. ಊರಾನವ್ರು ನಮಗ ಅವರ ಬಾವಿ ಮುಟ್ಟಗೊಡ್ತಿದ್ದಿಲ್ಲ. ನಾವು ಇವರಿಗೆ ಅದನ್ನ ಮಾಡಿದ್ವಿ.”

“ಆಮ್ಯಾಲ?”

“ನಿಮ್ಮವ್ವ ಬಂದು ಜಗಳಾ ತೆಗದ್ಲು. ‘ಅಕ್ಕಾ, ನಮ್ಮ ಖಾಲಿ ಕೊಡ ಮರತಿ ಏನು?’ ಅಂದ್ಲು. ಮರುದಿನ ಹಗ್ಗ ಒಯ್ದು ನಾನ ಅವರ ಕೈಯಾಗ ಕೊಟ್ಟೆ.”

ಅಮೆರಿಕದ ಆ ಓಣಿಯಲ್ಲಿ ಒಬ್ಬ ಕಪ್ಪು ಮುದುಕಿಯೂ, ಪಕ್ಕದ ಮನೆಯ ನಿರಾಶ್ರಿತರನ್ನು ಮೊದಲ ವರ್ಷ ತಾನು ಮಾತಾಡಿಸಲಿಲ್ಲವೆಂದು ನನಗೆ ಹೇಳಿದ್ದಳು. ವಾದಕ್ಕೆ ಒಗ್ಗದೆಂದು ಅದನ್ನು ಬಿಟ್ಟವನು ನಾನೇ.

ಪೆನ್ನು ತೆಗೆದು, ಸಂಶೋಧನೆಯ ರೂಢಿಯಂತೆ ಹೆಸರು ಬದಲಿಸುತ್ತೇನೆಂದು ದೊಡ್ಡವ್ವನಿಗೆ ತಿಳಿಸಿದೆ.

“ಯಾಕ? ಮುಚ್ಚಿಟ್ಟಾಕಿನೂ ನಾನ, ಕೊಟ್ಟಾಕಿನೂ ನಾನ. ಎರಡೂ ಬರಿ. ಭೀಮವ್ವ ಅಂತ ದೊಡ್ಡದಾಗಿ ಬರಿ.”

ಹಳೆಯ ವಾಕ್ಯ ಹೊಡೆದುಹಾಕಿದೆ. ಎಂಟು ದಿನ ಕೊಡದ್ದನ್ನೂ ಒಂಬತ್ತನೆಯ ದಿನ ಕೊಟ್ಟದ್ದನ್ನೂ ಹೆಸರು ಸಮೇತ ಬರೆದು, ಅವಳಿಗೆ ಎರಡು ಸಲ ಓದಿ ಹೇಳಿದೆ. ಹಳೆಯ ವಾಕ್ಯ ಎಂದೂ ಕೊಡದ ಹೆಮ್ಮೆ ಅದನ್ನು ಓದುವಾಗ ಆಯಿತು.

ಮೂರರ ಬಸ್ಸಿಗೆ ಬೀಳ್ಕೊಡಲು ಬಂದಳು. ಬಸ್ಸು ಹೊರಟಾಗ ತಿರುಗಿ ನೋಡಿದೆ. ನಿಲ್ದಾಣದ ಹೆಂಗಸರಿಗೆ ನನ್ನತ್ತ ಕೈಮಾಡಿ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: “ನಮ್ಮ ತಂಗಿ ಮಗ. ನನ್ನ ತಪ್ಪು ಬರ್ಕೊಂಡು ಅಮೆರಿಕಾಕ್ಕ ಹೊಂಟಾನ!”